ಹೌಸ್ ಆಫ್ ದ ಡ್ರ್ಯಾಗನ್ ಸೀಸನ್ 3: ಯಾರು ಉಳೀತಾರೆ? ಪಾಯಿಂಟ್ ಲೆಕ್ಕ ಹೇಗಿಡೋದು?

ಕೆಂಪುರೆಕ್ಕೆ:

‘ಗೇಮ್ ಆಫ್ ಥ್ರೋನ್ಸ್’ಗೂ ಹಿಂದಿನ ಕಾಲದ ಕಥೆ ಹೇಳೋ ಈ ಟಿವಿ ಸರಣಿಯ ಸೀಸನ್ 3 ಶುರುವಾಗೋದರೊಳಗೆ 14 ಜನರ ಗುಂಪಿಗೆ ಒಂದು ಆಟ ಸಿದ್ಧ ಮಾಡಬೇಕು. ದುಡ್ಡು ಕಟ್ಟೋದಿಲ್ಲ, ಗೆದ್ದವರಿಗೆ ಮೀಸೆ ತಿರುವೋ ಹಕ್ಕು ಅಷ್ಟೆ. ಪ್ರತಿ ಪಾತ್ರದ ಮುಂದೆ ‘ಉಳಿಯುತ್ತೆ’ ಇಲ್ಲವೇ ‘ಹೋಗುತ್ತೆ’ ಅಂತ ಬರೆಯೋದು, ಸರಿಯಾದರೆ ಒಂದು ಪಾಯಿಂಟು. ಸದ್ಯಕ್ಕೆ ಇಷ್ಟೇ ಯೋಚನೆ. ಹೀಗೇ ಬಿಟ್ಟರೆ ನಾಲ್ಕೈದು ಜನ ಒಂದೇ ಪಾಯಿಂಟಿಗೆ ಬಂದು ನಿಲ್ಲುತ್ತಾರೇನೋ ಅಂತ ಅನುಮಾನ.

ಸೀಸನ್ 2 ಮುಗಿದಾಗ ಬದುಕಿದ್ದವರಲ್ಲಿ 24 ಜನರ ಪಟ್ಟಿ ಇದು. ಸಿಂಹಾಸನಕ್ಕಾಗಿ ಅಕ್ಕ ರೆನೈರಾ, ತಮ್ಮ ಏಗಾನ್ ನಡುವೆ ಯುದ್ಧ. ಅವಳ ಕಪ್ಪು ಪಕ್ಷದಲ್ಲಿ ರೆನೈರಾ, ಡೀಮನ್, ಜೇಸ್, ಬೇಲಾ, ರೈನಾ, ಕಾರ್ಲಿಸ್, ಆಡಮ್, ಆಲಿನ್, ಹ್ಯೂ, ಉಲ್ಫ್, ಮಿಸಾರಿಯಾ, ಸೈಮನ್ ಸ್ಟ್ರಾಂಗ್. ಅವನ ಹಸಿರು ಪಕ್ಷದಲ್ಲಿ ಆಲಿಸೆಂಟ್, ಏಗಾನ್, ಏಮಂಡ್, ಹೆಲೇನಾ, ಆಟೋ, ಕ್ರಿಸ್ಟನ್ ಕೋಲ್, ಗ್ವೇನ್, ಲ್ಯಾರಿಸ್, ಟೈಲಂಡ್, ಜೇಸನ್ ಲ್ಯಾನಿಸ್ಟರ್. ಇವೆರಡರ ಆಚೆ ಆಲಿಸ್ ರಿವರ್ಸ್, ಕ್ರೆಗನ್ ಸ್ಟಾರ್ಕ್.

ಪ್ರಶ್ನೆ ನಾಲ್ಕು. ಪಾಯಿಂಟ್ ಹೇಗೆ ಕೊಡೋದು? ‘ಸತ್ತ’ ಅಂತ ಯಾವಾಗ ಬರೆಯೋದು? 14ರಲ್ಲಿ ಐವರು ಮೂಲ ಪುಸ್ತಕ ಓದಿದ್ದಾರೆ, ಅವರನ್ನ ಏನು ಮಾಡೋದು? ಡ್ರ್ಯಾಗನ್‌ಗಳನ್ನೂ ಸೇರಿಸಬಹುದಾ?

ಲೆಕ್ಕದಮಾಸ್ತರ್:

ಮೊದಲು ಪಾಯಿಂಟಿನ ವಿಷಯ. ‘ಉಳಿಯುತ್ತೆ / ಹೋಗುತ್ತೆ’ ಅಂತ ಕೇಳಬೇಡಿ. ಉಳಿಯೋ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಕೇಳಿ. 55 ಅನ್ನೋವಷ್ಟು ಅರೆಮನಸ್ಸಿನವನಿಗೂ 95 ಅನ್ನೋವಷ್ಟು ಖಾತ್ರಿ ಇರೋನಿಗೂ ಒಂದೇ ಪಾಯಿಂಟ್ ಸಿಕ್ಕರೆ ಅದು ಲೆಕ್ಕವೇ ಅಲ್ಲ.

ಇದಕ್ಕೆ ಹವಾಮಾನ ಮುನ್ಸೂಚನೆಯವರು ಬಳಸೋ ಬ್ರಯರ್ ಸ್ಕೋರ್ ಇದೆ. ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸೂತ್ರ, ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಂ ಸಾಕು. ಒಂದರಲ್ಲಿ ಹೆಸರು, ಎರಡನೆಯದರಲ್ಲಿ ನೀವು ಹೇಳಿದ ಸಾಧ್ಯತೆ (80 ಅಂದರೆ 0.80), ಮೂರನೆಯದರಲ್ಲಿ ಫಲಿತಾಂಶ. ಉಳಿದರೆ 1, ಸತ್ತರೆ 0. ಎರಡನೆಯದರಿಂದ ಮೂರನೆಯದನ್ನ ಕಳೆದು ವರ್ಗ ಮಾಡಿ, ಎಲ್ಲದರ ಸರಾಸರಿ ತೆಗೆಯಿರಿ. ಕಡಿಮೆ ಬಂದವರು ಗೆದ್ದರು.

ಗೇಮ್ ಆಫ್ ಥ್ರೋನ್ಸ್ ಕೊನೇ ಸೀಸನ್‌ನ ಮೂವರನ್ನ ಹಿಡಿದು ನೋಡೋಣ. ಆರ್ಯಾಗೆ 80 ಕೊಟ್ಟಿದ್ದರೆ, ಉಳಿದಳು, 0.04. ಮಿಸಾಂಡೆಗೆ 60 ಕೊಟ್ಟಿದ್ದರೆ, ಸತ್ತಳು, 0.36. ಸೆರ್ಸಿಗೆ 10, ಸತ್ತಳು, 0.01. ಒಟ್ಟು 0.41, ಸರಾಸರಿ ಸುಮಾರು 0.137.

ಈ ಸೂತ್ರದ ಗುಣ ಏನಂದರೆ ಮನಸ್ಸಿನಲ್ಲಿ ಇರೋ ಸಂಖ್ಯೆಯನ್ನೇ ಬರೆಯೋದು ಲಾಭ. 70 ಅನ್ನಿಸಿದ್ದನ್ನ ಧೈರ್ಯ ತೋರಿಸೋಕೆ 95 ಅಂತ ಬರೆದರೆ ಸರಾಸರಿಯಲ್ಲಿ ನಷ್ಟವೇ. ಆದರೆ ಇಲ್ಲೊಂದು ತೂತಿದೆ. ಬಹುಮಾನ ಒಬ್ಬನಿಗೇ ಅಂತ ಇಟ್ಟರೆ ಹದಿನಾಲ್ಕು ಜನರ ನಡುವೆ ಎದ್ದು ಕಾಣೋಕೆ ಜನ ಅತಿರೇಕಕ್ಕೆ ಹೋಗುತ್ತಾರೆ, ಯಾಕೆಂದರೆ ಎರಡನೇ ಸ್ಥಾನಕ್ಕೂ ಹದಿನಾಲ್ಕನೇ ಸ್ಥಾನಕ್ಕೂ ವ್ಯತ್ಯಾಸ ಇರೋದಿಲ್ಲ. ಅದಕ್ಕೆ ಪೂರ್ತಿ ಪಟ್ಟಿಯನ್ನ ಸ್ಕೋರ್ ಸಮೇತ ಪ್ರಕಟಿಸಿ. ಕೊನೇ ಸ್ಥಾನದ ಮುಜುಗರ ಒಳ್ಳೇ ಕಡಿವಾಣ.

ಮತ್ತೆ ಪಟ್ಟಿಗೆ ಹದಿನೈದನೇ ಆಟಗಾರನಾಗಿ ‘ಸೋಮಾರಿ’ ಅಂತ ಒಂದು ಹೆಸರು ಸೇರಿಸಿ. ಅವನು ಕಣ್ಣು ಮುಚ್ಚಿ ಎಲ್ಲರಿಗೂ 80 ಕೊಡುತ್ತಾನೆ. 24ರಲ್ಲಿ 5 ಜನ ಸತ್ತರು ಅಂತಿಟ್ಟುಕೊಳ್ಳಿ. ಸೋಮಾರಿಗೆ 19 ಸಲ 0.04, 5 ಸಲ 0.64, ಸರಾಸರಿ 0.165. ಎಲ್ಲರೂ ಉಳೀತಾರೆ ಅಂತ 100 ಬರೆದವನಿಗೆ 0.208. ಎಲ್ಲದಕ್ಕೂ 50 ಬರೆದವನಿಗೆ 0.25. ಸೋಮಾರಿಗಿಂತ ಹಿಂದೆ ಬಿದ್ದವರು ಎಷ್ಟೇ ಥಿಯರಿ ಹೇಳಿದ್ದರೂ ಭವಿಷ್ಯ ಹೇಳಿದ ಹಾಗಾಗಲಿಲ್ಲ.

ಗೋಡೆಕಾವಲು:

ಸೋಮಾರಿಗೆ 80 ಯಾಕೆ? ಗೇಮ್ ಆಫ್ ಥ್ರೋನ್ಸ್ ಕೊನೇ ಸೀಸನ್‌ನಲ್ಲಿ ಅರ್ಧಕ್ಕರ್ಧ ಜನ ಹೋದರಲ್ಲ.

ಲೆಕ್ಕದಮಾಸ್ತರ್:

ಅದು ಕೊನೇ ಸೀಸನ್, ಇದು ಅಲ್ಲ. ಈ ವ್ಯತ್ಯಾಸ ಮರೆತವರೇ ಹೆಚ್ಚು ಸೋಲೋದು.

8ನೇ ಸೀಸನ್ ಶುರುವಾದಾಗ ಬದುಕಿದ್ದ 30 ಜನರನ್ನ ಹೀಗೆ ತೆಗೆದುಕೊಳ್ಳಿ. ಉಳಿದವರು: ಜಾನ್, ಸಾನ್ಸಾ, ಆರ್ಯಾ, ಬ್ರ್ಯಾನ್ ಸ್ಟಾರ್ಕ್, ಟಿರಿಯನ್, ಬ್ರಿಯೆನ್, ಸ್ಯಾಮ್, ಗಿಲ್ಲಿ, ಡಾವೋಸ್, ಬ್ರಾನ್, ಪಾಡ್ರಿಕ್, ಗ್ರೇ ವರ್ಮ್, ಟಾರ್ಮಂಡ್, ಜೆಂಡ್ರಿ, ಯಾರಾ. ಹೋದವರು: ಡೆನೇರಿಸ್, ಸೆರ್ಸಿ, ಜೇಮಿ, ಥಿಯಾನ್, ಜೋರಾ, ಮೆಲಿಸಾಂಡ್ರೆ, ವ್ಯಾರಿಸ್, ಮಿಸಾಂಡೆ, ಸ್ಯಾಂಡರ್, ಗ್ರೆಗರ್, ಕೈಬರ್ನ್, ಯೂರಾನ್, ಬೆರಿಕ್, ಎಡ್, ಪುಟ್ಟ ಲಿಯಾನಾ ಮಾರ್ಮಂಟ್. 15ಕ್ಕೆ 15.

ಈಗ ಎಪಿಸೋಡ್ ಪ್ರಕಾರ ಹಂಚಿ. ಮೊದಲೆರಡರಲ್ಲಿ ಈ ಪಟ್ಟಿಯ ಒಬ್ಬರೂ ಇಲ್ಲ. ಮೂರರಲ್ಲಿ 6, ನಾಲ್ಕರಲ್ಲಿ ಮಿಸಾಂಡೆ ಒಬ್ಬಳು, ಐದರಲ್ಲಿ 7, ಆರರಲ್ಲಿ ಡೆನೇರಿಸ್. 15ರಲ್ಲಿ 13 ಸಾವು ಎರಡೇ ರಾತ್ರಿಯ ಪ್ರಸಾರದಲ್ಲಿ. ದೊಡ್ಡ ಯುದ್ಧ ಎಲ್ಲಿ ಇಡುತ್ತಾರೋ ಸಾವೆಲ್ಲ ಅಲ್ಲಿಗೆ ರಾಶಿ ಬೀಳುತ್ತೆ.

ಹೌಸ್ ಆಫ್ ದ ಡ್ರ್ಯಾಗನ್ ಒಟ್ಟು ನಾಲ್ಕು ಸೀಸನ್ ಅಂತ ಶೋ ನಡೆಸೋ ರಯನ್ ಕೊಂಡಾಲ್ 2024ರಲ್ಲೇ ಹೇಳಿದ್ದಾರೆ. ಅಂದರೆ ಮೂರನೆಯದು ಕೊನೆಗೆ ಒಂದು ಮೆಟ್ಟಿಲು ಮೊದಲು. ಎರಡನೇ ಸೀಸನ್‌ನಲ್ಲಿ ಮೊದಲ ಸಾಲಿನ ದೊಡ್ಡವರಲ್ಲಿ ಹೋದದ್ದು ರೆನಿಸ್ ಒಬ್ಬಳೇ. ಪುಟ್ಟ ಜಹೇರಿಸ್, ಅವಳಿ ಕಾರ್ಗಿಲ್‌ಗಳು ಹೋದರು, ಆದರೆ ಅವರು ಎರಡನೇ ಸಾಲು. ಹಾಗಂತ ಅದೇ ದರ ಮುಂದುವರಿಯುತ್ತೆ ಅಂತಲೂ ಅಲ್ಲ. ಎರಡೂ ಕಡೆಯ ಪಡೆ ಹೊರಟಿರೋದನ್ನ ತೋರಿಸಿ ಸೀಸನ್ 2 ಮುಗಿಸಿದರು, ಆ ಸಾಲ ತೀರಿಸಲೇಬೇಕು. ಅದಕ್ಕೇ 80. ಯಾರಾದರೂ 75 ಅಂದರೆ ಜಗಳ ಇಲ್ಲ. 50 ಅಂದರೆ ಇದೆ.

ಗೋಡೆಕಾವಲು:

ಒಪ್ಪಿದೆ. ‘ಸತ್ತ’ ಅನ್ನೋದರ ಅರ್ಥ ನಾನು ಹೇಳ್ತೀನಿ. ಇಂಥ ಆಟಗಳಲ್ಲಿ ಜಗಳ ಆಗೋದು ಪಾಯಿಂಟಿಗಲ್ಲ, ಇದಕ್ಕೆ.

ತೀರ್ಪಿನ ಕ್ಷಣ ಒಂದೇ ಇರಲಿ: ಸೀಸನ್‌ನ ಕೊನೇ ಎಪಿಸೋಡಿನ ಹೆಸರುಪಟ್ಟಿ ಓಡೋಕೆ ಶುರುವಾದ ಗಳಿಗೆ. ನಡುವೆ ಸತ್ತು ಎದ್ದರೆ ಎದ್ದದ್ದೇ ಲೆಕ್ಕ. ಜಾನ್ ಸ್ನೋ 2015ರ ಜೂನ್ 14ರಂದು ಇರಿತಕ್ಕೆ ಬಿದ್ದ, 2016ರ ಮೇ 1ರಂದು ಎದ್ದ. ಈ ನಿಯಮದಲ್ಲಿ ಅವನು 5ನೇ ಸೀಸನ್‌ಗೆ ‘ಹೋದ’, 6ಕ್ಕೆ ‘ಉಳಿದ’. 6ನೇ ಸೀಸನ್ ನೋಡಿ 5ರ ಫಲಿತಾಂಶ ತಿದ್ದೋ ಹಾಗಿಲ್ಲ.

ಹೆಣ ಕಾಣಲಿಲ್ಲ ಅಂದರೆ ಸತ್ತಿಲ್ಲ ಅನ್ನೋ ಹಳೇ ಸೂತ್ರ ಅರ್ಧ ಮಾತ್ರ ನಿಜ. ಸ್ಯಾಂಡರ್ ಕ್ಲಿಗೇನ್‌ನ ಸಾಯೋಕೆ ಬಿಟ್ಟು ಆರ್ಯಾ ಹೋದದ್ದು 4ನೇ ಸೀಸನ್‌ನ ಕೊನೆಯಲ್ಲಿ, ಅವನು ಕಟ್ಟಿಗೆ ಸೀಳುತ್ತಾ ಮತ್ತೆ ಕಂಡದ್ದು 6ರ ಏಳನೇ ಎಪಿಸೋಡಲ್ಲಿ. ಸೂತ್ರ ಗೆದ್ದಿತು. ಆದರೆ ಸ್ಟಾನಿಸ್ ಮೇಲೆ ಬ್ರಿಯೆನ್ ಕತ್ತಿ ಬೀಸಿದಾಗಲೂ ಏಟು ಬೀಳೋ ಮೊದಲೇ ದೃಶ್ಯ ಕತ್ತರಿಸಿದರು. ಅವನು ಮಾತ್ರ ಸತ್ತೇ ಇದ್ದ, 6ರ ನಾಲ್ಕನೇ ಎಪಿಸೋಡಲ್ಲಿ ಬ್ರಿಯೆನ್ ತಾನೇ ಬಾಯಿಬಿಟ್ಟು ಹೇಳಿದಳು. ಆದ್ದರಿಂದ ಮೂರು ದರ್ಜೆ ಮಾಡಿ. ಹೆಣ ಕಂಡರೆ, ಅಥವಾ ಕಣ್ಣಾರೆ ನೋಡಿದ ಪಾತ್ರ ಹೇಳಿದರೆ, ಸತ್ತ ಹಾಗೆ. ಏಟು ಬಿದ್ದು ದೃಶ್ಯ ಕತ್ತರಿಸಿದರೆ ಮುಂದಿನ ಸೀಸನ್‌ವರೆಗೆ ತಡೆಹಿಡಿದದ್ದು. ಕಾಣಿಸಿಕೊಳ್ಳದೇ ಇದ್ದವರು ರದ್ದು, ಅಂದರೆ ಭಾಗಿಸೋ ಸಂಖ್ಯೆಯಿಂದಲೇ ಹೊರಗೆ.

ಈ ಕೊನೇದನ್ನ ಸಣ್ಣದು ಅಂದುಕೊಳ್ಳಬೇಡಿ. ಡಾರಿಯೋನ 6ನೇ ಸೀಸನ್‌ನಲ್ಲಿ ಮಿರೀನ್‌ನಲ್ಲಿ ಬಿಟ್ಟು ಬಂದರು, ಆಮೇಲೆ ಅವನ ಸುದ್ದಿಯೇ ಇಲ್ಲ. ಎಲ್ಲಾರಿಯಾನ 7ರಲ್ಲಿ ಸೆರೆಮನೆಯಲ್ಲಿ ಸರಪಳಿ ಹಾಕಿ ಬಿಟ್ಟರು, ಆ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಇಂಥವರಿಗೆ ‘ಉಳಿದ’ ಅಂತ ಪಾಯಿಂಟ್ ಕೊಟ್ಟರೆ ಮೂಲೆಯ ಪಾತ್ರಗಳಿಗೆ 100 ಬರೆದವನು ಪುಕ್ಕಟೆ ಗೆಲ್ಲುತ್ತಾನೆ. ನಿಮ್ಮ ಪಟ್ಟಿಯಲ್ಲಿ ಕ್ರೆಗನ್ ಸ್ಟಾರ್ಕ್ ಆ ಜಾಗದಲ್ಲಿ ಇದ್ದಾನೆ. ಸೀಸನ್ 2ರಲ್ಲಿ ಮೊದಲ ಎಪಿಸೋಡಿನ ಆರಂಭದಲ್ಲಿ ಗೋಡೆ ಮೇಲೆ ಕಂಡವನು, ಈ ಸೀಸನ್‌ನಲ್ಲಿ ಮುಖ ತೋರಿಸದಿದ್ದರೆ ರದ್ದು.

ಎದ್ದು ಓಡಾಡೋ ಹೆಣಗಳ ಪ್ರಶ್ನೆ ಈ ಕಥೆಯಲ್ಲಿ ಬರೋ ಹಾಗೆ ಕಾಣಲ್ಲ, ಆದರೂ ಬರೆದಿಡಿ: ಸ್ವಂತ ಬುದ್ಧಿ ಇದ್ದರೆ ಬದುಕಿದ ಹಾಗೆ, ಬರೀ ಕಾಲಾಡಿದರೆ ಇಲ್ಲ. ಸಾವಿನಂಚಿನಲ್ಲಿದ್ದಾಗ ಕೈಬರ್ನ್ ಪ್ರಯೋಗ ಮಾಡಿ ಎಬ್ಬಿಸಿದ ಗ್ರೆಗರ್‌ನ ವಿಷಯಕ್ಕೆ ಆಗಿನ ಕಾಲದಲ್ಲಿ ಎಷ್ಟು ಗಲಾಟೆ! ಕೊನೆಗೆ 8ರ ಐದನೇ ಎಪಿಸೋಡಲ್ಲಿ ಸೆರ್ಸಿ ನಿಲ್ಲು ಅಂದರೂ ಕೇಳದೆ, ತಡೆಯೋಕೆ ಬಂದ ಕೈಬರ್ನ್‌ನ ತಲೆಯನ್ನೇ ಚಚ್ಚಿ ಮೆಟ್ಟಿಲಿಳಿದ. ಮಾತು ಮೀರೋ ಬುದ್ಧಿ ಇದ್ದ ಮೇಲೆ ಬದುಕಿದ್ದ ಅಂತಲೇ ನನ್ನ ತೀರ್ಪು.

ಕೆಂಪುರೆಕ್ಕೆ:

ತಡೆಹಿಡಿಯೋದು ಬೇಡ ಅನ್ಸುತ್ತೆ. ಮುಂದಿನ ಸೀಸನ್‌ಗೆ ಎಷ್ಟು ದಿನ ಕಾಯಬೇಕೋ, ಅಲ್ಲಿವರೆಗೆ ಗೆದ್ದವರು ಯಾರು ಅಂತ ಹೇಳೋಕೇ ಆಗಲ್ಲ.

ಗೋಡೆಕಾವಲು:

ಹಾಗಾದರೆ ಅಂಥವರನ್ನೂ ರದ್ದು ಮಾಡಿ. ಒಂದಿಬ್ಬರು ಹೋದರೆ 24ರ ಪಟ್ಟಿಗೆ ಏನೂ ಆಗಲ್ಲ. ಹತ್ತು ಜನರ ಪಟ್ಟಿಯಾಗಿದ್ದರೆ ಆಗುತ್ತಿತ್ತು.

ಅಣಬೆಮಾತು:

ಮೂಲ ಓದಿದವರ ವಿಷಯ. ಈ ಪೋಸ್ಟಿನಲ್ಲಿ ಪುಸ್ತಕದಲ್ಲಿ ಮುಂದೇನಾಗುತ್ತೆ ಅನ್ನೋದು ಇಲ್ಲ, ಟಿವಿಯಲ್ಲಿ ಬಂದದ್ದರ ಜೊತೆ ಹೋಲಿಕೆ ಮಾತ್ರ.

ಐವರನ್ನ ಹೊರಗಿಡಬೇಡಿ, ಪ್ರಶ್ನೆಯನ್ನ ಬದಲಿಸಿ. ‘ಫೈರ್ ಅಂಡ್ ಬ್ಲಡ್’ 2018ರಲ್ಲೇ ಬಂದಿದೆ, ಯುದ್ಧದ ಕೊನೆ ಅದರಲ್ಲಿ ಪೂರ್ತಿ ಇದೆ. ಹಾಗಾಗಿ ‘ಕೊನೆಗೆ ಉಳೀತಾರಾ’ ಅಂದರೆ ಅವರಿಗೆ ಅದು ಪರೀಕ್ಷೆಯಲ್ಲ, ನಕಲು. ‘ಈ ಸೀಸನ್ ಮುಗಿಯೋ ಹೊತ್ತಿಗೆ ಇರ್ತಾರಾ’ ಅಂದರೆ ಅವರೂ ಬೆವರಬೇಕು, ಯಾಕೆಂದರೆ ಪುಸ್ತಕದ ಯಾವ ಪುಟದಲ್ಲಿ ಸೀಸನ್ ಮುರಿಯುತ್ತಾರೆ ಅನ್ನೋದು ಪುಸ್ತಕದಲ್ಲಿ ಇಲ್ಲ.

ಇನ್ನೂ ಒಂದಿದೆ. ಆ ಪುಸ್ತಕ ಕಾದಂಬರಿಯ ಥರ ಇಲ್ಲ, ಇತಿಹಾಸದ ಥರ ಬರೆದದ್ದು. ಮಶ್ರೂಮ್ ಅನ್ನೋ ವಿದೂಷಕ ಒಂದು ಹೇಳ್ತಾನೆ, ಸೆಪ್ಟನ್ ಯೂಸ್ಟೇಸ್ ಇನ್ನೊಂದು ಹೇಳ್ತಾನೆ, ಮನ್ಕನ್ ಮಗದೊಂದು. ಶೋನವರು ಈ ಬಿರುಕಿನೊಳಗೇ ಕೈ ಹಾಕೋದು. ರೆನೈರಾಳ ಮೊದಲ ಗಂಡ ಲೇನಾರ್ ಪುಸ್ತಕದಲ್ಲಿ ಕೊಲೆಯಾಗುತ್ತಾನೆ, ಟಿವಿಯಲ್ಲಿ ತಲೆ ಬೋಳಿಸಿಕೊಂಡು ದೋಣಿ ಹತ್ತಿ ಹೋದ. ಏಗಾನ್‌ನ ಕಿರಿಯ ಮಗ ಮೇಲರ್ ಪುಸ್ತಕದಲ್ಲಿ ಇದ್ದಾನೆ, ಟಿವಿಯಲ್ಲಿ ಹುಟ್ಟಲೇ ಇಲ್ಲ. ಪುಸ್ತಕದಲ್ಲಿ ಶೀಪ್‌ಸ್ಟೀಲರ್ ಡ್ರ್ಯಾಗನ್‌ನ ಒಲಿಸಿಕೊಳ್ಳೋದು ನೆಟಲ್ಸ್ ಅನ್ನೋ ಹುಡುಗಿ. ಟಿವಿಯಲ್ಲಿ ಅದರೆದುರು ರೈನಾಳನ್ನ ನಿಲ್ಲಿಸಿ ಸೀಸನ್ 2 ಮುಗಿಸಿದರು. ಇದು ಓದಿದವರಿಗೆ ನಿಜವಾದ ಬಲೆ. ಇನ್ನೊಬ್ಬರ ಕಥೆ ರೈನಾ ಹೆಗಲಿಗೆ ಬಿದ್ದ ಮೇಲೆ ಪುಸ್ತಕದ ರೈನಾಳ ಗತಿ ಹಿಡಿದುಕೊಂಡು 100 ಬರೆಯೋದು ದುಡುಕು. ನಾನಾದರೆ 85ರ ಮೇಲೆ ಹೋಗಲ್ಲ.

ಪುಸ್ತಕದ ಸಾಕ್ಷಿಯನ್ನ ಟಿವಿಗೆ ಹಚ್ಚಿ ಕೆಟ್ಟವರು ಮೊದಲೂ ಇದ್ದರು. ಸೆರ್ಸಿಗೆ ಮ್ಯಾಗಿ ಹೇಳಿದ ಭವಿಷ್ಯದಲ್ಲಿ, ಪುಸ್ತಕದ ಪ್ರಕಾರ, ತಮ್ಮನೊಬ್ಬ ಕತ್ತು ಹಿಸುಕುತ್ತಾನೆ ಅನ್ನೋ ಸಾಲಿದೆ. 5ನೇ ಸೀಸನ್‌ನ ಮೊದಲ ದೃಶ್ಯದಲ್ಲಿ ಆ ಸಾಲನ್ನೇ ಬಿಟ್ಟಿದ್ದರು. ಆದರೂ ಕೊನೆಯವರೆಗೆ ‘ಜೇಮಿ ಅವಳನ್ನ ಕೊಲ್ಲುತ್ತಾನೆ, ತಾನು ಉಳೀತಾನೆ’ ಅಂತ ಬರೆದವರು ಎಷ್ಟೋ ಜನ. ಇಬ್ಬರೂ ಒಟ್ಟಿಗೆ ಕಲ್ಲಿನಡಿ ಹೋದರು. ಹೇಳದೇ ಬಿಟ್ಟ ಸಾಲೂ ಸಾಕ್ಷಿಯೇ, ಉಲ್ಟಾ ಸಾಕ್ಷಿ.

ಒಂಬತ್ತನೇಕಂತು:

ಟಿವಿಯಲ್ಲಿ ಬಂದದ್ದನ್ನೇ ಸರಿಯಾಗಿ ಕೇಳಿಸಿಕೊಂಡರೆ ಪುಸ್ತಕ ಬೇಕಾಗಿಲ್ಲ. ಮುಂದಿರೋದೆಲ್ಲ ಪ್ರಸಾರವಾದ ಎಪಿಸೋಡುಗಳಿಂದ. ಆದರೂ ಸುಳಿವು ಬೇಡ ಅನ್ನೋರು ಈ ಪೋಸ್ಟ್ ಬಿಟ್ಟು ಕೆಳಗೆ ಹೋಗಿ.

ಹೆಲೇನಾ ಬಾಯಿಂದ ಬಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೀಸನ್ 1ರ ಆರನೇ ಎಪಿಸೋಡಲ್ಲಿ, ಡ್ರ್ಯಾಗನ್ ಇಲ್ಲದ ಏಮಂಡ್‌ನ ಮಾತು ಬಂದಾಗ, ಅವನು ಒಂದು ಕಣ್ಣು ಮುಚ್ಚಬೇಕಾಗುತ್ತೆ ಅಂತ ಗೊಣಗಿದಳು. ಏಳರಲ್ಲಿ ವೇಗಾರ್ ಅನ್ನೋ ಡ್ರ್ಯಾಗನ್ ಸಿಕ್ಕಿತು, ಕಣ್ಣು ಹೋಯಿತು. ಎಂಟರಲ್ಲಿ ಹಲಗೆಯಡಿಯ ಮೃಗದ ಬಗ್ಗೆ ಎಚ್ಚರಿಸಿದಳು, ಒಂಬತ್ತರಲ್ಲಿ ಪಟ್ಟಾಭಿಷೇಕದ ನಡುವೆ ನೆಲ ಸೀಳಿಕೊಂಡು ರೆನಿಸ್‌ಳ ಡ್ರ್ಯಾಗನ್ ಮೆಲೀಸ್ ಎದ್ದಿತು. ಅವಳ ಮಾತು ಈವರೆಗೆ ಹುಸಿಯಾದದ್ದು ಕಾಣೆ.

ಈಗ ಸೀಸನ್ 2ರ ಕೊನೇ ಎಪಿಸೋಡಿಗೆ ಬನ್ನಿ. ಏಮಂಡ್ ಅವಳನ್ನ ಯುದ್ಧಕ್ಕೆ ಕರೀತಾನೆ. ಅವಳು ತಣ್ಣಗೆ ಎರಡು ಮಾತು ಹೇಳ್ತಾಳೆ: ಏಗಾನ್ ಮತ್ತೆ ರಾಜನಾಗುತ್ತಾನೆ, ಮರದ ಸಿಂಹಾಸನದ ಮೇಲೆ ಕೂರುತ್ತಾನೆ, ನೀನು ಗಾಡ್ಸ್ ಐ ಸರೋವರ ಸೇರುತ್ತೀಯ, ಮತ್ತೆ ಯಾರ ಕಣ್ಣಿಗೂ ಬೀಳೋದಿಲ್ಲ. ಅದೇ ಸೀಸನ್‌ನ ಮೂರನೇ ಎಪಿಸೋಡಲ್ಲಿ ಆಲಿಸ್ ರಿವರ್ಸ್ ಡೀಮನ್‌ಗೆ, ನೀನು ಸಾಯೋದು ಇಲ್ಲೇ ಅಂದಿದ್ದಳು. ಇಲ್ಲಿ ಅಂದರೆ ಹ್ಯಾರನ್‌ಹಾಲ್. ಆ ಕೋಟೆ ಇರೋದೂ ಗಾಡ್ಸ್ ಐ ದಡದಲ್ಲೇ. ಇಬ್ಬರ ಜಾಗ ಒಂದೇ ಆಯಿತಲ್ಲ!

ಆದರೆ ಇಲ್ಲಿ ಜನ ಎಡವೋದು ಹೇಗೆ ಗೊತ್ತಾ? ಭವಿಷ್ಯವಾಣಿ ಎಲ್ಲಿ ಅಂತ ಹೇಳುತ್ತೆ, ಯಾವಾಗ ಅಂತ ಹೇಳಲ್ಲ. ಮೆಲಿಸಾಂಡ್ರೆ 7ರ ಮೂರನೇ ಎಪಿಸೋಡಲ್ಲಿ ವ್ಯಾರಿಸ್ ಮುಂದೆ, ನಿನ್ನ ಹಾಗೆ ನಾನೂ ಈ ಪರದೇಶದಲ್ಲೇ ಸಾಯಬೇಕು ಅಂದಳು. ಆ ಸೀಸನ್‌ನಲ್ಲಿ ಇಬ್ಬರಿಗೂ ಏನೂ ಆಗಲಿಲ್ಲ. 8ರ ಮೂರರಲ್ಲಿ ಅವಳು, ಐದರಲ್ಲಿ ಅವನು. ಮಾತು ಕೇಳಿದ ತಕ್ಷಣ 7ಕ್ಕೇ ಸಾವು ಬರೆದವರು ಸರಿ ಇದ್ದೂ ಸೋತರು.

ಅದಕ್ಕೆ ಎರಡು ಕಾಲಂ ಇಡಿ. ಒಂದು ‘ಸೀಸನ್ 3ರ ಕೊನೆಗೆ’, ಇನ್ನೊಂದು ‘ಸರಣಿಯ ಕೊನೆಗೆ’. ನನ್ನ ಸಂಖ್ಯೆ ಹೀಗಿದೆ. ಏಮಂಡ್ 75 ಮತ್ತು 3. ಡೀಮನ್ 75 ಮತ್ತು 5. ಇಬ್ಬರೂ ಶೋನ ದೊಡ್ಡ ಆಕರ್ಷಣೆ, ಅವರನ್ನ ಕೊನೇ ಸೀಸನ್‌ಗೆ ಉಳಿಸಿಕೊಳ್ಳೋ ಆಸೆ ಯಾರಿಗಾದರೂ ಇರುತ್ತೆ. ಏಗಾನ್ 92, ಯಾಕೆಂದರೆ ಅವನಿಗೆ ಇನ್ನೂ ಒಂದು ಸಿಂಹಾಸನ ಬಾಕಿ ಇದೆ. ಸೈಮನ್ ಸ್ಟ್ರಾಂಗ್ 55. ಪಾಪ, ಒಳ್ಳೆ ಮುದುಕ, ಹಾಸ್ಯವೂ ಚೆನ್ನಾಗಿತ್ತು. ಆದರೆ ಡೀಮನ್ ಹ್ಯಾರನ್‌ಹಾಲ್ ಬಿಟ್ಟು ಹೋದರೆ ಆ ಕೋಟೆಗೆ ಬರೋ ಶತ್ರುವಿನ ಕೈಗೆ ಮೊದಲು ಸಿಗೋದೇ ಅವನು.

ಲೆಕ್ಕದಮಾಸ್ತರ್:

ಎರಡು ಕಾಲಂ ಒಳ್ಳೇದು, ಒಂದು ತಪಾಸಣೆ ಹಾಕಿ. ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಜಾಸ್ತಿ ಇರಬಾರದು. ಸೀಸನ್ 3 ದಾಟದವನು ಸರಣಿ ದಾಟೋದು ಹೇಗೆ? ಅವಸರದಲ್ಲಿ 60, 70 ಅಂತ ಬರೆಯೋರು ಇದ್ದೇ ಇರುತ್ತಾರೆ. ಹಾಳೆ ಬಂದ ದಿನವೇ ವಾಪಸ್ ಕಳಿಸಿ. ಎರಡು ಕಾಲಮ್ಮಿನ ಸ್ಕೋರ್ ಕೂಡಿಸಬೇಡಿ, ಎರಡನೆಯದು ಓದಿದವರ ಕೈಯಲ್ಲಿ ಇರೋ ಆಟ.

ಅಣಬೆಮಾತು:

ಪ್ರಸಾರವಾದ ಸುಳಿವಿಗೆ ಇನ್ನೊಂದು ಸೇರಿಸಿ, ರೆನೈರಾ ಬಗ್ಗೆ, ಆದ್ದರಿಂದ ಇದೂ ಎಚ್ಚರಿಕೆಯ ಪೋಸ್ಟ್. ಗೇಮ್ ಆಫ್ ಥ್ರೋನ್ಸ್ 3ರ ನಾಲ್ಕನೇ ಎಪಿಸೋಡಲ್ಲಿ ಜಾಫ್ರಿ ಮಾರ್ಜರಿಗೆ ಗೋರಿಗಳನ್ನ ತೋರಿಸುತ್ತಾ ಬಹಳ ಖುಷಿಯಿಂದ ಒಂದು ಕಥೆ ಹೇಳ್ತಾನೆ. ರೆನೈರಾಳನ್ನ ಅವಳ ತಮ್ಮನ ಡ್ರ್ಯಾಗನ್ ತಿಂದಿತು, ಅವಳ ಮಗ ನೋಡುತ್ತಾ ನಿಂತಿದ್ದ. 2013ರಲ್ಲೇ ಹೇಳಿ ಮುಗಿಸಿದ್ದಾರೆ, ಹುಡುಗನ ಬಾಯಲ್ಲಿ ಬಂತಲ್ಲ ಅಂತ ಯಾರೂ ಕಿವಿಗೊಡಲಿಲ್ಲ. ಈಗ ಆ ತಮ್ಮ ಏಗಾನ್‌ನ ಡ್ರ್ಯಾಗನ್ ಸನ್‌ಫೈರ್ ಬದುಕಲ್ಲ ಅನ್ನೋ ಅರ್ಥದ ಮಾತು ಸೀಸನ್ 2ರಲ್ಲಿ ಬಂದಿದೆ, ಹೆಣ ತೋರಿಸಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಡ್ರ್ಯಾಗನ್ ಪಟ್ಟಿಯಲ್ಲಿ ಸನ್‌ಫೈರ್ ಮುಂದೆ ಎಷ್ಟು ಬರೀತೀರಿ ನೋಡಿ.

ಕೆಂಪುರೆಕ್ಕೆ:

ಅಂದರೆ ಡ್ರ್ಯಾಗನ್ ಸೇರಿಸಬಹುದು ಅಂತಾಯ್ತು?

ಅಣಬೆಮಾತು:

ಬೇರೆ ಪಟ್ಟಿಯಾಗಿ. ಸವಾರನ ಜೊತೆ ಒಂದೇ ಪಟ್ಟಿಗೆ ಹಾಕಿದರೆ ಒಂದು ಘಟನೆಗೆ ಎರಡು ಸಲ ಪಾಯಿಂಟ್ ಹೋಗುತ್ತೆ. ಲೂಸರಿಸ್ ಹೋದಾಗ ಅರಾಕ್ಸ್ ಹೋಯಿತು, ರೆನಿಸ್ ಹೋದಾಗ ಮೆಲೀಸ್. ಹನ್ನೆರಡರ ಪಟ್ಟಿ ಸಾಕು: ಸಿರಾಕ್ಸ್, ಕರಾಕ್ಸಿಸ್, ವರ್ಮಾಕ್ಸ್, ಮೂನ್‌ಡ್ಯಾನ್ಸರ್, ಸೀಸ್ಮೋಕ್, ವರ್ಮಿಥಾರ್, ಸಿಲ್ವರ್‌ವಿಂಗ್, ಶೀಪ್‌ಸ್ಟೀಲರ್, ವೇಗಾರ್, ಡ್ರೀಮ್‌ಫೈರ್, ಸನ್‌ಫೈರ್, ಟೆಸೇರಿಯನ್.

ಗೋಡೆಕಾವಲು:

ಅಂಕಿ ಅಂಶ ಬೇಕಾದವರಿಗೆ: ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಇಬ್ಬರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೇಮ್ ಆಫ್ ಥ್ರೋನ್ಸ್‌ನ ಮೊದಲ ಏಳು ಸೀಸನ್‌ನಲ್ಲಿ 330 ಪಾತ್ರ, ಅದರಲ್ಲಿ 186 ಸಾವು, ಅಂದರೆ ಶೇ. 56.4. ಮೊದಲು ಕಾಣಿಸಿಕೊಂಡ ಒಂದು ಗಂಟೆಯೊಳಗೆ ಸಾಯೋ ಸಾಧ್ಯತೆ ಸುಮಾರು ಶೇ. 14. ವಯಸ್ಸಾಗಿ ಸಹಜವಾಗಿ ಸತ್ತವರು ಇಬ್ಬರೇ, ಮೇಸ್ಟರ್ ಏಮನ್ ಮತ್ತು ಓಲ್ಡ್ ನ್ಯಾನ್. ಕುಲೀನರು, ಹೆಂಗಸರು, ಪಕ್ಷ ಬದಲಿಸಿದವರು ಹೆಚ್ಚು ಬಾಳಿದರು. ಈ ಲೆಕ್ಕದಲ್ಲಿ ಸಾಮಾನ್ಯ ಜನರಾದ ಉಲ್ಫ್, ಹ್ಯೂ ಇಬ್ಬರಿಗೂ ಕಡಿಮೆ ಕೊಡಬೇಕು, ಕುಲೀನ ಲ್ಯಾರಿಸ್‌ಗೆ ಜಾಸ್ತಿ.

ಲೆಕ್ಕದಮಾಸ್ತರ್:

ಅಧ್ಯಯನ ಸರಿ, ಅನ್ವಯ ಸರಿಯಿಲ್ಲ. 330ರಲ್ಲಿ ಬಾಗಿಲು ಕಾಯೋರು, ಒಂದೇ ದೃಶ್ಯಕ್ಕೆ ಬಂದು ಕತ್ತಿಗೆ ಸಿಕ್ಕವರು ಎಲ್ಲ ಇದ್ದಾರೆ. ನಿಮ್ಮ 24 ಜನ ಹೆಸರು, ಮುಖ, ಸ್ವಂತ ಕಥೆ ಇರೋರು. ‘ಪಕ್ಷ ಬದಲಿಸಿದವರು ಬಾಳಿದರು’ ಅನ್ನೋದನ್ನ ಇನ್ನೂ ಹುಷಾರಾಗಿ ಓದಬೇಕು. ಬಾಳಿದವರಿಗೆ ತಾನೆ ಪಕ್ಷ ಬದಲಿಸೋಕೆ ಸಮಯ ಸಿಗೋದು? ಮೊದಲ ಸೀಸನ್‌ನಲ್ಲೇ ತಲೆ ಹೋದ ನೆಡ್ ಸ್ಟಾರ್ಕ್ ಯಾವ ಪಕ್ಷ ಬದಲಿಸೋಕೂ ಉಳಿಯಲಿಲ್ಲ.

ಯಂತ್ರದ ಲೆಕ್ಕಕ್ಕೂ ಇದೇ ಮಾತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2016ರಲ್ಲಿ ಟಾಮನ್ ಸಾಯೋ ಸಾಧ್ಯತೆ 97 ಅಂದರು, ಆ ಸೀಸನ್‌ನ ಕೊನೇ ಎಪಿಸೋಡಲ್ಲಿ ಅವನು ಕಿಟಕಿಯಿಂದ ಹಾರಿದ. ಭೇಷ್ ಅನ್ನೋಣ. 2019ರಲ್ಲಿ ಡೆನೇರಿಸ್ ಉಳಿಯೋ ಸಾಧ್ಯತೆ 99 ಅಂದರು, ಬ್ರಾನ್ ಸಾಯೋದು 90ರ ಮೇಲೆ ಅಂದರು. ಅವಳು ಹೋದಳು, ಅವನು ಖಜಾಂಚಿಯಾಗಿ ಮಂತ್ರಿಮಂಡಲದಲ್ಲಿ ಕೂತ. ಮನೆತನ, ಲಿಂಗ, ಪಾತ್ರದ ಮಹತ್ವ ಇಂಥದ್ದನ್ನ ಯಂತ್ರ ನೋಡಬಲ್ಲದು. ಡೆನೇರಿಸ್ ಊರು ಸುಟ್ಟ ಮೇಲೆ ಕಥೆಗೆ ಅವಳ ಸಾವು ಬೇಕಾಗುತ್ತೆ ಅನ್ನೋದು ಅದಕ್ಕೆ ಹೇಗೆ ಹೊಳೆಯಬೇಕು? ಬ್ರಯರ್‌ನಲ್ಲಿ ಆ ಒಂದೇ 99ಕ್ಕೆ 0.98 ದಂಡ, 30 ಜನರ ಸರಾಸರಿಗೆ 0.033 ಭಾರ. ತಪ್ಪಾದ ಖಾತ್ರಿಗೆ ಇನ್ನೂ ಜೋರಾಗಿ ದಂಡ ಹಾಕೋ ಲಾಗರಿದಮ್ ಸ್ಕೋರ್ ಇಟ್ಟಿದ್ದರೆ 50 ಬರೆದವನಿಗೆ 0.69 ದಂಡ, 99 ಬರೆದವರಿಗೆ 4.6. ಒಂದೇ ತಪ್ಪಿಗೆ ಸೀಸನ್ ಮುಗೀತು. ಗೆಳೆಯರ ಆಟಕ್ಕೆ ಅಷ್ಟು ಕಠಿಣ ಬೇಡ, ಬ್ರಯರ್ ಸಾಕು.

ಒಂಬತ್ತನೇಕಂತು:

ಉಲ್ಫ್, ಹ್ಯೂ ವಿಷಯದಲ್ಲಿ ನಾನೂ ಒಪ್ಪಲ್ಲ. ಡ್ರ್ಯಾಗನ್ ಕೊಟ್ಟಿದ್ದೇ ಸೀಸನ್ 2ರ ಕೊನೆಯಲ್ಲಿ. ಖರ್ಚು ಮಾಡಿ ಬೆಳೆಸಿದ ಪಾತ್ರವನ್ನ ಫಲ ಕೊಡೋ ಮೊದಲೇ ಕಡಿಯಲ್ಲ. ಇಬ್ಬರಿಗೂ 80.

‘ಪಾತ್ರದ ಕೆಲಸ ಮುಗಿಯಿತಾ’ ಅನ್ನೋ ಪ್ರಶ್ನೆ ಎಲ್ಲ ಅಂಕಿಗಿಂತ ಮೊದಲು ಕೇಳಬೇಕು. ಬೆರಿಕ್ ಆರು ಸಲ ಸತ್ತು ಎದ್ದವನು, ಆರ್ಯಾಳನ್ನ ಕಾಪಾಡಿದ ಗಳಿಗೆಗೆ ಏಳನೇದು ಕೊನೆಯದಾಯ್ತು. ಥಿಯಾನ್ ಸ್ಟಾರ್ಕ್ ಮನೆಗೆ ಮಾಡಿದ ದ್ರೋಹದ ಸಾಲ ಬ್ರ್ಯಾನ್ ಮುಂದೆ ನಿಂತು ತೀರಿಸಿದ, ಹೋದ. ಜೋರಾ ಯಾರಿಗಾಗಿ ಬದುಕಿದ್ದನೋ ಅವಳ ತೋಳಲ್ಲೇ ಹೋದ. ಡಾವೋಸ್‌ಗೆ ಅಂಥ ಬಾಕಿ ಇರಲಿಲ್ಲ, ಉಳಿದ. ನಿಮ್ಮ ಪಟ್ಟಿಯಲ್ಲಿ ಈ ಬಾಕಿ ಎದ್ದು ಕಾಣೋದು ಕ್ರಿಸ್ಟನ್ ಕೋಲ್‌ಗೆ. ಸೀಸನ್ 2ರ ಕೊನೆಗೆ ಗ್ವೇನ್ ಜೊತೆ ಮಾತಾಡುವಾಗಲೇ ಬದುಕಿನ ಆಸೆ ಬಿಟ್ಟವನ ಥರ ಇದ್ದ. 50ಕ್ಕಿಂತ ಮೇಲೆ ಬರೆಯೋಕೆ ಧೈರ್ಯ ಇಲ್ಲ.

ನನ್ನ ಹೆಸರಿನ ಸೂತ್ರವನ್ನ ಮಾತ್ರ ನಂಬಬೇಡಿ. ದೊಡ್ಡ ಸಾವು ಕೊನೆಗೆ ಒಂದು ಮೊದಲು ಅನ್ನೋದು ನೆಡ್‌ಗೆ, ಮದುವೆ ಮನೆಯ ಹತ್ಯಾಕಾಂಡವಾದ ರೆಡ್ ವೆಡ್ಡಿಂಗ್‌ಗೆ ಸರಿ ಹೋಯ್ತು. 6ನೇ ಸೀಸನ್‌ನಲ್ಲಿ ದೇವಾಲಯ ಸ್ಫೋಟಗೊಂಡು ಮಾರ್ಜರಿ, ಲೋರಸ್, ಕೆವನ್ ಎಲ್ಲ ಹೋದದ್ದು ಕೊನೆಯದಾದ ಹತ್ತರಲ್ಲಿ. ಹೌಸ್ ಆಫ್ ದ ಡ್ರ್ಯಾಗನ್‌ನಲ್ಲಿ ಲೂಸರಿಸ್ ಕೊನೇ ಎಪಿಸೋಡಲ್ಲಿ, ರೆನಿಸ್ ಎಂಟರಲ್ಲಿ ನಾಲ್ಕನೆಯದರಲ್ಲಿ.

ಕೆಂಪುರೆಕ್ಕೆ:

ಸರಿ, ಹೀಗೆ ಮಾಡ್ತೀನಿ. ಬ್ರಯರ್, 24 ಪಾತ್ರ, ಎರಡು ಕಾಲಂ, ಮೊದಲನೆಯದೇ ಗೆಲುವಿಗೆ. ಡ್ರ್ಯಾಗನ್ ಹನ್ನೆರಡು ಬೇರೆ ಹಾಳೆ. ಸಂದೇಹದ ಸಾವು, ಮುಖ ತೋರಿಸದವರು ರದ್ದು. ‘ಸೋಮಾರಿ’ ಎಲ್ಲರಿಗೂ 80. ಹಾಳೆ ಕೊಡೋಕೆ ಕೊನೇ ಗಡುವು ಮೊದಲ ಎಪಿಸೋಡ್ ಬರೋ ದಿನ. ಗುಂಪಿನಲ್ಲೇ ಒಂದು ಹಂಚಿಕೊಂಡ ಶೀಟ್ ಹಾಕಿ ಎಲ್ಲರೂ ತುಂಬೋದು.

ಲೆಕ್ಕದಮಾಸ್ತರ್:

ಕೊನೆಯ ಎರಡನ್ನ ಬದಲಿಸಿ. ‘ದಿನ’ ಬೇಡ, ಗಂಟೆ ಬರೆಯಿರಿ, ಮೊದಲ ಪ್ರಸಾರಕ್ಕೆ ಒಂದು ದಿನ ಮುಂಚಿನ ಗಂಟೆ. 2017ರಲ್ಲಿ ಗೇಮ್ ಆಫ್ ಥ್ರೋನ್ಸ್ 7ರ ಎರಡು ಎಪಿಸೋಡ್, 2022ರಲ್ಲಿ ಹೌಸ್ ಆಫ್ ದ ಡ್ರ್ಯಾಗನ್ ಸೀಸನ್ 1ರ ಕೊನೇ ಎಪಿಸೋಡ್ ಸಮಯಕ್ಕೆ ಮೊದಲೇ ಸೋರಿದವು. ವಾರವಾರ ಸಂಖ್ಯೆ ತಿದ್ದೋ ಅವಕಾಶ ಕೊಡದೇ ಇರೋಕೂ ಇದೇ ಕಾರಣ.

ಹಂಚಿಕೊಂಡ ಶೀಟ್ ಅಂತೂ ಬೇಡವೇ ಬೇಡ. ಕೊನೆಗೆ ತುಂಬೋನು ಉಳಿದ 13 ಜನರ ಸರಾಸರಿ ತೆಗೆದು ತನ್ನದು ಅಂತ ಬರೆದರೆ ಸಾಕು, ಮೇಲಿನ ಮೂರರಲ್ಲಿ ಬರೋದು ಹೆಚ್ಚುಕಡಿಮೆ ಖಾತ್ರಿ. ಜನರ ತಪ್ಪುಗಳು ಬೇರೆ ಬೇರೆ ದಿಕ್ಕಿಗೆ ಇರೋದರಿಂದ ಸರಾಸರಿಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಆಡದೇ ಇರೋ ಒಬ್ಬರಿಗೆ ಎಲ್ಲರೂ ಖಾಸಗಿಯಾಗಿ ಕಳಿಸಲಿ, ಗಡುವು ಮುಗಿದ ಮೇಲೆ ಒಟ್ಟಿಗೆ ಬಿಚ್ಚಿ. ಆ ಸರಾಸರಿಯನ್ನ ಬೇಕಾದರೆ ‘ಸೋಮಾರಿ’ ಪಕ್ಕದಲ್ಲಿ ಹದಿನಾರನೇ ಆಟಗಾರನಾಗಿ ಹಾಕಿ.